ಸದ್ದಿಗೆ ಸದ್ದೇ ಮದ್ದು

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹಾರುವ ಎಟಿಆರ್-72 ವಿಮಾನದ ಮುಂದಿನ ಸಾಲುಗಳಲ್ಲಿ ಕೂತವರಿಗೆ ಆ ಸದ್ದಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಕಿಟಕಿಯಾಚೆ ಆರು ಅಲಗಿನ ಪ್ರೊಪೆಲ್ಲರ್ ನಿಮಿಷಕ್ಕೆ ಹೆಚ್ಚುಕಡಿಮೆ ಸಾವಿರ ಸುತ್ತು ತಿರುಗುತ್ತಿರುತ್ತದೆ. ಒಂದೊಂದು ಸುತ್ತಿಗೂ ಆರು ಸಲ ಗಾಳಿಯನ್ನು ಬಡಿಯುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 100 ಬಡಿತ, ಅಂದರೆ 100 ಹರ್ಟ್ಜ್. ಕಿವಿಗಿಂತ ಮೊದಲು ಎದೆಗೆ ತಾಗುವ ಸದ್ದದು.

ಜೆಟ್ ವಿಮಾನದಲ್ಲಿ ಪ್ರೊಪೆಲ್ಲರ್ ಇಲ್ಲದಿದ್ದರೂ ನೆಮ್ಮದಿಯೇನಿಲ್ಲ. ಎಂಜಿನ್ನಿನ ಸದ್ದಿನ ಜೊತೆಗೆ, ಗಂಟೆಗೆ 800 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ವಿಮಾನದ ಮೈಯನ್ನು ಉಜ್ಜಿಕೊಂಡು ಹೋಗುವ ಗಾಳಿಯ ಮೊರೆತವೂ ಒಳಗೆ ಇಳಿಯುತ್ತದೆ. ಎಲ್ಲ ಸೇರಿ 80ರಿಂದ 85 ಡೆಸಿಬೆಲ್. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಪಾಳಿಗೆ 85 ಡೆಸಿಬೆಲ್ ಎಚ್ಚರಿಕೆಯ ಗೆರೆ. ಈ ಮೊರೆತದ ಮೇಲೆ ಹಾಡು ಕೇಳಬೇಕೆಂದು ನಾವು ಮಾಮೂಲಿ ಇಯರ್‌ಫೋನಿನ ವಾಲ್ಯೂಮ್ ಏರಿಸುತ್ತೇವೆ. ಕಿವಿಗೆ ನಿಜವಾದ ಪೆಟ್ಟು ಬೀಳುವುದು ಅಲ್ಲಿ. ಹೊರಗಿನ ಸದ್ದನ್ನು ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನನ್ನು ಶೋಕಿಯ ವಸ್ತು ಅನ್ನುವವರು ಇದನ್ನು ಗಮನಿಸಬೇಕು. ಅದು ಕೊಡುವ ದೊಡ್ಡ ಉಪಕಾರವೆಂದರೆ ವಾಲ್ಯೂಮ್ ಇಳಿಸಲು ಬಿಡುವುದು.

ಹತ್ತಿ ಅಥವಾ ಫೋಮ್ ತುರುಕಿಕೊಂಡರೆ ಸಾಲದೇ? ಕೀರಲು ಸದ್ದಿಗೆ ಸಾಕು. ಆದರೆ 100 ಹರ್ಟ್ಜ್ ಸದ್ದಿನ ಒಂದು ಅಲೆಯ ಉದ್ದವೇ ಸುಮಾರು ಮೂರೂವರೆ ಮೀಟರ್. ಕಿವಿಯ ಮೇಲೆ ಕೂರುವ ತೆಳು ದಿಂಬು ಅಂಥ ಅಲೆಗೆ ಲೆಕ್ಕಕ್ಕೇ ಇಲ್ಲ. ಅದನ್ನು ತಡೆಯುವಷ್ಟು ದಪ್ಪ, ಭಾರದ ಗೋಡೆಯನ್ನು ತಲೆಯ ಮೇಲೆ ಹೊರಲಾಗದು. ಉಳಿದದ್ದು ಒಂದೇ ದಾರಿ, ಮುಳ್ಳನ್ನು ಮುಳ್ಳಿನಿಂದ ತೆಗೆಯುವುದು.

ಆ ದಾರಿಯನ್ನು ಕಾಗದದ ಮೇಲೆ ಬರೆದವನು ಜರ್ಮನಿಯ ಭೌತವಿಜ್ಞಾನಿ ಪೌಲ್ ಲ್ಯೂಗ್. 1936ರಲ್ಲಿ ಅವನಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಒಂದು ಅಲೆ ಏರುವಾಗ ಅಷ್ಟೇ ಬಲದ ಇನ್ನೊಂದು ಅಲೆ ಇಳಿಯುವಂತೆ ಮಾಡಿದರೆ ಎರಡೂ ಒಂದನ್ನೊಂದು ಅಳಿಸುತ್ತವೆ. ಕೊಳವೆಯಲ್ಲಿ ಬರುವ ಸದ್ದನ್ನು ಮೈಕ್‌ನಿಂದ ಹಿಡಿದು, ಮುಂದೆ ಸ್ಪೀಕರ್‌ನಿಂದ ಅದರ ತಲೆಕೆಳಗಾದ ರೂಪವನ್ನು ಬಿಡಬೇಕು ಎಂದು ಲ್ಯೂಗ್ ಚಿತ್ರ ಬರೆದು ತೋರಿಸಿದ. ವಿಚಾರದಲ್ಲಿ ಕೊರತೆ ಇರಲಿಲ್ಲ, ಅದಕ್ಕೆ ತಕ್ಕ ಉಪಕರಣ ಇರಲಿಲ್ಲ. ನಿರ್ವಾತ ಕೊಳವೆಗಳ ಆ ಕಾಲದ ರೇಡಿಯೊ ತಂತ್ರಜ್ಞಾನದಿಂದ ಅಷ್ಟು ಕರಾರುವಾಕ್ಕಾದ ಕೆಲಸ ಆಗುವಂತಿರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಹ್ಯಾರಿ ಓಲ್ಸನ್ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ. ಲಾರೆನ್ಸ್ ಫೋಗೆಲ್ ವಿಮಾನ ಮತ್ತು ಹೆಲಿಕಾಪ್ಟರುಗಳ ಕಾಕ್‌ಪಿಟ್‌ಗಾಗಿ ಪೇಟೆಂಟ್ ಪಡೆದ. ಆದರೂ ಪ್ರಯಾಣಿಕನ ಕಿವಿಯವರೆಗೆ ಏನೂ ಬರಲಿಲ್ಲ.

ಬಂದದ್ದು 1978ರ ಒಂದು ವಿಮಾನಯಾನದ ನಂತರ. ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೊರಟಿದ್ದ ಪ್ರಾಧ್ಯಾಪಕ ಅಮರ್ ಬೋಸ್ ಅವರಿಗೆ ವಿಮಾನದವರು ಹಾಡು ಕೇಳಲು ಹೆಡ್‌ಫೋನ್ ಕೊಟ್ಟರು. ಸಂಗೀತವೆಂದರೆ ಪ್ರಾಣವಾಗಿದ್ದ ಅವರಿಗೆ ಎಂಜಿನ್ನಿನ ಸದ್ದಿನಲ್ಲಿ ಹಾಡಿನ ರುಚಿಯೇ ಸಿಗಲಿಲ್ಲ. ಕಾಗದ ತೆಗೆದು ಲೆಕ್ಕ ಹಾಕಲು ಕೂತರು. ವಿಮಾನ ಬಾಸ್ಟನ್‌ನಲ್ಲಿ ಇಳಿಯುವ ಹೊತ್ತಿಗೆ ಮೂಲ ಗಣಿತ ಸಿದ್ಧವಾಗಿತ್ತು. ಕಿವಿಯ ಬಟ್ಟಲೊಳಗೇ ಪುಟ್ಟ ಮೈಕ್ ಇಟ್ಟು, ಅಲ್ಲಿ ಉಳಿದ ಸದ್ದನ್ನು ಕ್ಷಣಕ್ಷಣವೂ ಅಳೆದು ತಿದ್ದುತ್ತಿರುವ ಹೆಡ್‌ಫೋನ್ ಅವರ ಮನಸ್ಸಿನಲ್ಲಿತ್ತು.

ಬೋಸ್ ಎಂಬ ಹೆಸರನ್ನು ಸ್ಪೀಕರಿನ ಮೇಲೆ ಓದಿದವರಲ್ಲಿ ಎಷ್ಟೋ ಮಂದಿಗೆ ಆ ಮನುಷ್ಯನ ಪರಿಚಯ ಇರುವುದಿಲ್ಲ. ಬ್ರಿಟಿಷರ ಜೈಲು ಕಂಡು, ತಪ್ಪಿಸಿಕೊಂಡು ಅಮೆರಿಕ ಸೇರಿದ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ ನೋನಿ ಗೋಪಾಲ್ ಬೋಸ್ ಅವರ ಮಗ ಅಮರ್. ಹುಡುಗನಾಗಿದ್ದಾಗ ರೇಡಿಯೊ ರಿಪೇರಿ ಮಾಡಿ ಮನೆಗೆ ನೆರವಾದವರು. ಎಂಐಟಿಯಲ್ಲಿ ದಶಕಗಳ ಕಾಲ ಪಾಠ ಹೇಳಿದರು, 1964ರಲ್ಲಿ ಕಂಪನಿ ಕಟ್ಟಿದರು, 2011ರಲ್ಲಿ ಅದರ ಬಹುಪಾಲು ಷೇರುಗಳನ್ನು ಎಂಐಟಿಗೇ ಕೊಟ್ಟುಬಿಟ್ಟರು. ಷೇರುಪೇಟೆಗೆ ಹೋಗದ ಕಂಪನಿ ಆಗಿದ್ದರಿಂದಲೇ ಲಾಭ ಕಾಣದ ಸಂಶೋಧನೆಯನ್ನು ವರ್ಷಗಟ್ಟಲೆ ನಡೆಸಲು ಅವರಿಗೆ ಆಯಿತು ಎಂಬುದು ನನ್ನ ದೃಢವಾದ ನಂಬಿಕೆ. ವಿಮಾನದಲ್ಲಿ ಬರೆದ ಲೆಕ್ಕ ಅಂಗಡಿಗೆ ಬರಲು ಹತ್ತು ವರ್ಷ ದಾಟಿತು.

ನಡುವೆ ಒಂದು ಕಠಿಣ ಪರೀಕ್ಷೆಯೂ ಆಯಿತು. 1986ರ ಡಿಸೆಂಬರ್‌ನಲ್ಲಿ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ವಾಯೇಜರ್ ಎಂಬ ವಿಮಾನದಲ್ಲಿ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಒಂದು ಸುತ್ತು ಹಾಕಿದರು. ಒಂಬತ್ತು ದಿನ, ಕಾಲು ಚಾಚಲೂ ಒದ್ದಾಡಬೇಕಾದ ಕೋಣೆ, ಬೆನ್ನ ಹಿಂದೆಯೇ ಎಂಜಿನ್. ಆ ಸದ್ದಿನಲ್ಲಿ ಅವರ ಕಿವಿ ಉಳಿಯಬೇಕಲ್ಲ? ಬೋಸ್ ತಂಡ ತನ್ನ ಮಾದರಿ ಹೆಡ್‌ಸೆಟ್‌ಗಳನ್ನು ಅವರಿಗೆ ಕೊಟ್ಟಿತ್ತು. 1989ರಲ್ಲಿ ಪೈಲಟ್‌ಗಳಿಗಾಗಿ ಅದು ಮಾರಾಟಕ್ಕೆ ಬಂತು. ಜರ್ಮನಿಯ ಸೆನ್‌ಹೈಸರ್ ಕಂಪನಿಯೂ ಲುಫ್ತಾನ್ಸಾ ಪೈಲಟ್‌ಗಳ ಸಲುವಾಗಿ ಅದೇ ದಶಕದಲ್ಲಿ ಇದೇ ಹಾದಿ ಹಿಡಿದಿತ್ತು. ನಮ್ಮಂಥ ಪ್ರಯಾಣಿಕರ ಸರದಿ ಬಂದದ್ದು 2000ದಲ್ಲಿ, ಕ್ವೈಟ್‌ಕಂಫರ್ಟ್ ಹೆಡ್‌ಫೋನಿನೊಂದಿಗೆ. ಆಮೇಲೆ ಚಿಪ್ ಕಿರಿದಾಗುತ್ತ, ವೇಗವಾಗುತ್ತ ಹೋಯಿತು. 2019ರ ಅಕ್ಟೋಬರ್‌ನಲ್ಲಿ ಆಪಲ್‌ನ ಏರ್‌ಪಾಡ್ಸ್ ಪ್ರೊ ಬಂದ ಮೇಲಂತೂ ಬೆರಳ ತುದಿಯಷ್ಟು ದೊಡ್ಡ ಇಯರ್‌ಬಡ್ ಅದೇ ಕೆಲಸ ಮಾಡುವುದು ಯಾರಿಗೂ ಅಚ್ಚರಿಯಾಗಿ ಉಳಿಯಲಿಲ್ಲ.

ಈ ತಂತ್ರದ ಹುಟ್ಟಿನ ಕಥೆಯಲ್ಲೇ ಅದರ ಮಿತಿಯೂ ಇದೆ. ಪುಟ್ಟ ಲೆಕ್ಕವೊಂದನ್ನು ನೋಡಿ. ಸದ್ದಿನ ಅಲೆಯನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಲು, ಅಂದರೆ 20 ಡೆಸಿಬೆಲ್ ತಗ್ಗಿಸಲು, ಅದನ್ನು ಅಳಿಸುವ ಎದುರಲೆಯ ಹೊಂದಾಣಿಕೆ ಅಲೆಯ ಉದ್ದದ ಅರುವತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತಪ್ಪಬಾರದು. 100 ಹರ್ಟ್ಜ್‌ನ ಮೊರೆತಕ್ಕೆ ಇದು ಐದು ಸೆಂಟಿಮೀಟರಿನಷ್ಟು ಸಲಿಗೆ ಕೊಡುತ್ತದೆ. 1,000 ಹರ್ಟ್ಜ್‌ಗೆ ಬಂದಾಗ ಸಲಿಗೆ ಐದೇ ಮಿಲಿಮೀಟರ್. ಅದಕ್ಕೂ ಮೇಲಿನ ಸದ್ದಿಗೆ ಎದುರಲೆ ಸೋಲುತ್ತದೆ, ಅಲ್ಲಿ ಕೆಲಸ ಮಾಡುವುದು ಕಿವಿಯನ್ನು ಮುಚ್ಚಿದ ದಿಂಬು ಅಥವಾ ರಬ್ಬರ್ ಮಾತ್ರ. ಹಾಗಾಗಿಯೇ ಮೊರೆತ ಕರಗಿದರೂ ಹಿಂದಿನ ಸೀಟಿನ ಮಗುವಿನ ಅಳು ಕೇಳುತ್ತಲೇ ಇರುತ್ತದೆ. ಹೆಡ್‌ಫೋನ್ ಕೆಟ್ಟಿದೆ ಎಂದಲ್ಲ, ಅದು ಹುಟ್ಟಿದ್ದೇ ಎಂಜಿನ್ನಿಗಾಗಿ. ಇಳಿಯುವಾಗ ಕಿವಿ ನೋವಿನಿಂದ ಅಳುವ ಕೂಸಿನ ಮೇಲೆ, ಅದರ ತಾಯಿಯ ಮೇಲೆ ಸಿಡಿಮಿಡಿಗೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಕೊಳ್ಳುವಾಗ ಮೊದಲು ನೋಡಬೇಕಾದ್ದು ಬ್ರ್ಯಾಂಡನ್ನಲ್ಲ, ಕಿವಿಗೆ ಅದು ಕೂರುವ ಬಗೆಯನ್ನು. ಸಂದಿ ಉಳಿದರೆ ಎಷ್ಟು ದುಬಾರಿ ಚಿಪ್ ಇದ್ದರೂ ದಂಡ. ಕನ್ನಡಕದ ಕಡ್ಡಿ, ಜುಮುಕಿ, ದಟ್ಟ ಕೂದಲು ಇವೆಲ್ಲ ದೊಡ್ಡ ಹೆಡ್‌ಫೋನಿನ ದಿಂಬನ್ನು ಎತ್ತಿ ಹಿಡಿಯುತ್ತವೆ. ಅಂಥವರಿಗೆ ಇಯರ್‌ಬಡ್ ಮೇಲು. ಆದರೆ ಪೆಟ್ಟಿಗೆಯಲ್ಲಿ ಬರುವ ಮೂರು ನಾಲ್ಕು ಅಳತೆಯ ರಬ್ಬರ್ ತುದಿಗಳನ್ನೆಲ್ಲ ಹಾಕಿ ನೋಡಿ. ಎಡ ಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ಅಂಗಡಿಯಲ್ಲೇ ಪರೀಕ್ಷಿಸಬೇಕೆಂದರೆ ಹಾಡು ಹಾಕದೆ, ಓಡುತ್ತಿರುವ ಎಸಿ ಅಥವಾ ಫ್ಯಾನಿನ ಹತ್ತಿರ ನಿಂತು ನೋಡಿ. ಆ ಗುಂಯ್‌ಗುಡುವಿಕೆ ಎಷ್ಟು ಕರಗಿತು ಅನ್ನುವುದೇ ಅಳತೆಗೋಲು.

ಪೆಟ್ಟಿಗೆಯ ಮೇಲಿನ ಅಕ್ಷರಗಳ ಮೇಲೂ ಕಣ್ಣಿರಲಿ. ನಮ್ಮ ಪೇಟೆಯ ಅಗ್ಗದ ಇಯರ್‌ಬಡ್‌ಗಳಲ್ಲಿ ಇಎನ್‌ಸಿ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಫೋನಿನಲ್ಲಿ ಮಾತಾಡುವಾಗ ನಿಮ್ಮ ಸುತ್ತಲ ಗದ್ದಲ ಆಚೆಯವರಿಗೆ ಕೇಳದಂತೆ ಮಾಡುತ್ತದೆ, ಅಷ್ಟೇ. ನಿಮ್ಮ ಕಿವಿಗೆ ಬೇಕಾದ್ದು ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಎಎನ್‌ಸಿ.

ದೂರದ ಪ್ರಯಾಣದ ಮಾತೇ ಬೇರೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ನೇರ ವಿಮಾನ ಶುರುವಾದಾಗ ಮಗಳನ್ನೋ ಮಗನನ್ನೋ ನೋಡಲು ಹೊರಟ ನಮ್ಮ ಎಷ್ಟೋ ಹಿರಿಯರು ಹದಿನಾರು ಹದಿನೇಳು ಗಂಟೆ ಒಂದೇ ಸಮನೆ ಆ ಮೊರೆತದಲ್ಲಿ ಕೂರುವಂತಾಯಿತು. ಇಯರ್‌ಬಡ್ ಆರೇಳು ಗಂಟೆಗೆ ಸುಸ್ತಾಗಿ ಡಬ್ಬಿ ಸೇರುತ್ತದೆ. ದೊಡ್ಡ ಹೆಡ್‌ಫೋನ್ ಇಪ್ಪತ್ತು ಗಂಟೆಗೂ ಮೀರಿ ಬಾಳುತ್ತದೆ. ಅದಕ್ಕೆ ವೈರ್ ಸಿಕ್ಕಿಸಿ ಸೀಟಿನ ಪರದೆಗೂ ಜೋಡಿಸಬಹುದು, ಎರಡು ಕಡ್ಡಿಯ ಹಳೆಯ ಜ್ಯಾಕ್ ಇದ್ದರೆ ಅಡಾಪ್ಟರ್ ಬೇಕು. ವಯಸ್ಸಾದವರಿಗೆ ಕೊಡಿಸುವುದಾದರೆ ನಾನು ಹೇಳುವುದು ಇದನ್ನೇ. ಹಾಡು ಬೇಡವಾದರೆ ಸುಮ್ಮನೆ ಎಎನ್‌ಸಿ ಆನ್ ಮಾಡಿಕೊಂಡು ಕಣ್ಣು ಮುಚ್ಚಬಹುದು.

ವಿಮಾನ ಇಳಿಯಲು ಶುರುವಾದಾಗ ಇಯರ್‌ಬಡ್ ತೆಗೆದಿಡಿ. ಕಿವಿಗೆ ಬಿರಟೆ ಹಾಕಿದಂತಿದ್ದರೆ ಒತ್ತಡದ ಏರುಪೇರು ಇನ್ನಷ್ಟು ಕಾಡುತ್ತದೆ. ತೆಗೆಯುವಾಗ ಕೈಜಾರಿ ಅದು ಸೀಟಿನ ಸಂದಿಗೆ ಬಿದ್ದರೆ, ಹುಡುಕಲೆಂದು ಸೀಟನ್ನು ಹಿಂದೆ ಮುಂದೆ ಮಾಡಬೇಡಿ. ಒಳಗಿರುವುದು ಲಿಥಿಯಂ ಬ್ಯಾಟರಿ, ಅಪ್ಪಚ್ಚಿಯಾದರೆ ಹೊಗೆ, ಬೆಂಕಿ ಏಳಬಹುದು. ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ, ಅವರೇ ತೆಗೆದುಕೊಡುತ್ತಾರೆ.