ಒಂದಕ್ಕೆ ಮೂರು! ಮೋಸಹೋದ ಗಿರಾಕಿಗೆ ಸಿಕ್ಕ ಅಸ್ತ್ರ

1978ರ ಜನವರಿ 11ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪ್ರಕರಣದ ಹೆಸರು ಓದಿದವನು ನಂಬಲಾಗದೆ ಇನ್ನೊಮ್ಮೆ ಓದಿದೆ. ಒಂದು ಕಡೆ ಫೈಝರ್ ಕಂಪನಿ, ಇನ್ನೊಂದು ಕಡೆ ಭಾರತ ಸರ್ಕಾರ! ಹೌದು, ನಮ್ಮದೇ ಭಾರತ ಸರ್ಕಾರ. ಅಮೆರಿಕದ್ದೇ ಕಾನೂನು ಹಿಡಿದು, ಅಮೆರಿಕದ್ದೇ ನ್ಯಾಯಾಲಯದಲ್ಲಿ, ಅಮೆರಿಕದ ಔಷಧ ದೈತ್ಯರ ಮೇಲೆ ದಾವೆ ಹೂಡಿತ್ತು. ಅದೂ ಸಾರ್ವಭೌಮ ರಾಷ್ಟ್ರದ ಗತ್ತಿನಿಂದಲ್ಲ. ‘ಔಷಧಕ್ಕೆ ಅನ್ಯಾಯವಾಗಿ ಹೆಚ್ಚು ಬೆಲೆ ತೆತ್ತೆ, ನನ್ನ ದುಡ್ಡು ವಾಪಸ್ ಕೊಡಿಸಿ’ ಎನ್ನುವ ಗಿರಾಕಿಯಾಗಿ!

ಟೆಟ್ರಾಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್‌ಗಳ ಬೆಲೆಯನ್ನು ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಗೊತ್ತುಮಾಡಿವೆ, ಪೇಟೆಂಟ್ ಪಡೆಯುವಲ್ಲೂ ಮೋಸ ಮಾಡಿವೆ ಎಂಬುದು ಆರೋಪ. ಭಾರತದ ಜೊತೆ ಇರಾನ್ ಮತ್ತು ಫಿಲಿಪ್ಪೀನ್ಸ್ ಕೂಡ ನಿಂತಿದ್ದವು. ಈ ಮೂರು ದೇಶಗಳು ಕೇಳಿದ್ದಾದರೂ ಎಷ್ಟು? ಆದ ನಷ್ಟದ ಮೂರು ಪಟ್ಟು!

ಮೂರು ಪಟ್ಟು ಎಲ್ಲಿಂದ ಬಂತು? ಈ ಎಳೆ ಹಿಡಿದು ಹೊರಟರೆ ಒಂದಾದ ಮೇಲೊಂದು ಬೆರಗು.

ಅಮೆರಿಕದಲ್ಲಿ ಎಣ್ಣೆ, ಸಕ್ಕರೆಯಂಥ ವ್ಯಾಪಾರಗಳನ್ನು ಬೃಹತ್ ‘ಟ್ರಸ್ಟ್’ಗಳು ನುಂಗುತ್ತಿದ್ದ ಕಾಲದಲ್ಲಿ, 1890ರಲ್ಲಿ, ಒಹಾಯೊದ ಸೆನೆಟರ್ ಜಾನ್ ಶೆರ್ಮನ್ ಹೆಸರಿನ ಕಾಯ್ದೆ ಬಂತು. ವ್ಯಾಪಾರಿಗಳು ಒಳಸಂಚು ಮಾಡಿ ಪೈಪೋಟಿಯನ್ನು ಕೊಲ್ಲುವಂತಿಲ್ಲ ಎಂದಿತು ಆ ಕಾಯ್ದೆ. ಸರ್ಕಾರ ಮೊಕದ್ದಮೆ ಹೂಡಬಹುದು, ಸರಿ. ಆದರೆ ಅದೇ ಕಾಯ್ದೆಯ ಏಳನೆಯ ಸೆಕ್ಷನ್ ಇನ್ನೊಂದು ಬಾಗಿಲು ತೆರೆದಿತ್ತು: ಪೆಟ್ಟು ತಿಂದವರು ಯಾರೇ ಆಗಲಿ, ನೇರ ಕೋರ್ಟಿಗೆ ಬರಲಿ, ಗೆದ್ದರೆ ನಷ್ಟದ ಮೂರು ಪಟ್ಟು, ಮೇಲೆ ವಕೀಲರ ಫೀಸು! 1914ರ ಕ್ಲೇಟನ್ ಕಾಯ್ದೆ ತನ್ನ ನಾಲ್ಕನೆಯ ಸೆಕ್ಷನ್‌ನಲ್ಲಿ ಇದನ್ನು ಇನ್ನಷ್ಟು ಗಟ್ಟಿಮಾಡಿತು. ಸೋತ ಕಂಪನಿ ಗೆದ್ದ ಗಿರಾಕಿಯ ವಕೀಲರಿಗೆ ಫೀಸು ಕಟ್ಟಬೇಕು. ಗಿರಾಕಿ ಸೋತರೆ ಕಂಪನಿಯ ವಕೀಲರ ಫೀಸು ಅವನ ತಲೆಗೆ ಬರುವುದಿಲ್ಲ. ತಕ್ಕಡಿಯನ್ನು ಬೇಕೆಂದೇ ಬಡಪಾಯಿಯ ಕಡೆಗೆ ವಾಲಿಸಿದ ಕಾನೂನು ಇದು!

ಬೆಲೆ ಏರಿಸುವ ಒಳಸಂಚು ನಡೆಯುವುದು ಗುಟ್ಟಾಗಿ, ಸಿಕ್ಕಿಬೀಳುವುದು ಅಪರೂಪಕ್ಕೆ. ಸಿಕ್ಕಿಬಿದ್ದಾಗ ಕದ್ದ ಮಾವಿನಹಣ್ಣನ್ನಷ್ಟೇ ಹಿಂದಿರುಗಿಸಿದರೆ ಸಾಕು ಎಂದುಬಿಟ್ಟರೆ ತೋಟದಲ್ಲಿ ಹಣ್ಣು ಉಳಿದೀತೇ? ಮೂರು ಪಟ್ಟು ಎಂದಾಗ ಸಂಚುಗಾರನ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ. ಗಿರಾಕಿಗೂ ವರ್ಷಗಟ್ಟಲೆ ಕೋರ್ಟು ಅಲೆಯುವ ಛಲ ಬರುತ್ತದೆ.

ಈ ಉಪಾಯ ಅಮೆರಿಕದವರದ್ದೂ ಅಲ್ಲ! ಇಂಗ್ಲೆಂಡಿನಲ್ಲಿ ದೊರೆ ಒಂದನೆಯ ಜೇಮ್ಸ್‌ನ ಕಾಲದಲ್ಲಿ, 1624ರಲ್ಲಿ, ಏಕಸ್ವಾಮ್ಯಗಳ ವಿರುದ್ಧ ಒಂದು ಶಾಸನವಾಯಿತು. ಏಕಸ್ವಾಮ್ಯದಿಂದ ನೊಂದವನಿಗೆ ಮೂರು ಪಟ್ಟು ಪರಿಹಾರ, ಎರಡು ಪಟ್ಟು ಖರ್ಚು ಸಿಗಬೇಕು ಎಂದು ಅದರಲ್ಲಿ ಬರೆದಿದೆ. ಮೈಸೂರಿನ ಸಿಂಹಾಸನದಲ್ಲಿ ಚಿಕ್ಕದೇವರಾಜ ಒಡೆಯರು ಇನ್ನೂ ಕೂತಿರದ ಕಾಲದಲ್ಲೇ ‘ಒಂದಕ್ಕೆ ಮೂರು’ ಹುಟ್ಟಿತ್ತು!

ಈ ಅಸ್ತ್ರ ಮೊದಮೊದಲು ಯಾರ ಕೈಗೆ ಬಂತು ನೋಡಿ. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರ ಕುಡಿಯುವ ನೀರಿಗೆಂದು ಎರಕದ ಕಬ್ಬಿಣದ ಪೈಪು ಕೊಂಡಿತ್ತು. ಪೈಪು ತಯಾರಿಸುವ ಆರು ಕಂಪನಿಗಳು ಊರುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡಿದ್ದವು. ಅಟ್ಲಾಂಟಾ ಆನಿಸ್ಟನ್ ಕಂಪನಿಯ ಪಾಲಿನ ಊರು. ಉಳಿದವು ಟೆಂಡರಿನಲ್ಲಿ ಸುಮ್ಮನೆ ನೆಪಕ್ಕೆ ಹೆಚ್ಚಿನ ದರ ಬರೆಯುತ್ತಿದ್ದವು. ನಗರಸಭೆ ಏನು ಮಾಡಿತು ಗೊತ್ತೇ? ಪೈಪು ಮಾರಿದ ಕಂಪನಿಯನ್ನಲ್ಲ, ಸಂಚಿನಲ್ಲಿ ಕೈಜೋಡಿಸಿದ್ದ ಬೇರೆ ಕಂಪನಿಗಳನ್ನು ಕೋರ್ಟಿಗೆಳೆಯಿತು! 1906ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ನಗರದ ಪರ ತೀರ್ಪು ಬರೆದರು. ಪೈಪಿನ ಯೋಗ್ಯ ಬೆಲೆಗಿಂತ ಹೆಚ್ಚು ತೆತ್ತದ್ದೇ ನಗರಕ್ಕಾದ ಹಾನಿ ಎಂದರು. ಸಂಚಿನಲ್ಲಿ ಪಾಲುದಾರನಾದವನು ತಾನು ಮಾರದ ಪೈಪಿಗೂ ಉತ್ತರ ಕೊಡಬೇಕಾಯಿತು.

ಇನ್ನು ಷಿಕಾಗೋದ ಒಂದು ಸಿನಿಮಾ ಟಾಕೀಸಿನ ಕಥೆ. ಜಾಕ್ಸನ್ ಪಾರ್ಕ್ ಎಂಬ ಚಿತ್ರಮಂದಿರಕ್ಕೆ ಹೊಸ ಚಿತ್ರ ಸಿಗುತ್ತಿದ್ದುದು ದೊಡ್ಡವರ ಚಿತ್ರಮಂದಿರಗಳಲ್ಲಿ ವಾರಗಟ್ಟಲೆ ಓಡಿ ಹಳತಾದ ಮೇಲೆ. ನಿರ್ಮಾಪಕರು, ವಿತರಕರು, ದೊಡ್ಡ ಪ್ರದರ್ಶಕರು ಸೇರಿ ಮಾಡಿಕೊಂಡಿದ್ದ ವ್ಯವಸ್ಥೆ ಅದು. ಮಾಲೀಕರು ದಾವೆ ಹೂಡಿದರು. ಆದರೆ ನಷ್ಟ ಎಷ್ಟು? ಸಂಚು ಇಲ್ಲದಿದ್ದರೆ ಎಷ್ಟು ಟಿಕೆಟ್ ಮಾರುತ್ತಿತ್ತೆಂದು ಯಾರು ಹೇಳಬಲ್ಲರು? ಜ್ಯೂರಿ 1,20,000 ಡಾಲರ್ ಎಂದಿತು. ಮೂರು ಪಟ್ಟಾಗಿ ಅದು 3,60,000. ಮೇಲ್ಮನವಿ ನ್ಯಾಯಾಲಯ ‘ಲೆಕ್ಕ ಖಚಿತವಿಲ್ಲ’ ಎಂದು ಅದನ್ನು ತಳ್ಳಿಹಾಕಿತು. ಆಗ, 1946ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ ಮಾತು ಇಡೀ ಕಾನೂನಿನ ಬೆನ್ನೆಲುಬಾಯಿತು: ಲೆಕ್ಕವನ್ನು ಕಗ್ಗಂಟು ಮಾಡಿದ್ದೇ ತಪ್ಪಿತಸ್ಥ, ಆ ಅನಿಶ್ಚಯದ ಲಾಭವನ್ನು ಅವನಿಗೇ ಕೊಡಲಾಗದು. ನ್ಯಾಯವಾದ ಅಂದಾಜು ಸಾಕು. ಎಂಥ ಮಾತು! ತಪ್ಪು ಮಾಡಿದವನ ಕೊನೆಯ ಅಡಗುತಾಣವೂ ಅಂದು ಕುಸಿಯಿತು.

ಮುಂದಿನದಂತೂ ಪತ್ತೇದಾರಿ ಕಾದಂಬರಿಯನ್ನೂ ಮೀರಿಸುತ್ತದೆ. 1950ರ ದಶಕದಲ್ಲಿ ಟೆನ್ನೆಸಿ ಕಣಿವೆಯ ಸರ್ಕಾರಿ ವಿದ್ಯುತ್ ಸಂಸ್ಥೆಗೆ ಬಂದ ಮೊಹರು ಮಾಡಿದ ಟೆಂಡರುಗಳಲ್ಲಿ ಬೇರೆ ಬೇರೆ ಕಂಪನಿಗಳ ದರ ಒಂದೇ ಆಗಿರುತ್ತಿತ್ತು. ಅಗೆದು ನೋಡಿದರೆ ಜನರಲ್ ಎಲೆಕ್ಟ್ರಿಕ್, ವೆಸ್ಟಿಂಗ್‌ಹೌಸ್ ಸೇರಿದಂತೆ 29 ಕಂಪನಿಗಳು! ಗುಟ್ಟಿನ ಸಭೆಗೆ ಅವರಿಟ್ಟಿದ್ದ ಹೆಸರು ‘ಭಜನೆಯ ಅಭ್ಯಾಸ’ ಎಂಬರ್ಥದ್ದು. ಹಾಜರಾತಿ ಪಟ್ಟಿಗೆ ‘ಕ್ರಿಸ್‌ಮಸ್ ಕಾರ್ಡಿನ ಪಟ್ಟಿ’. ಈ ಸಲ ಕಡಿಮೆ ದರ ಬರೆಯುವ ಸರದಿ ಯಾರದೆಂದು ತಿಳಿಸುವ ಕೋಷ್ಟಕ ‘ಚಂದ್ರನ ಕಲೆಗಳು’! 1961ರಲ್ಲಿ ಫಿಲಡೆಲ್ಫಿಯಾದ ನ್ಯಾಯಾಧೀಶರು 7 ಅಧಿಕಾರಿಗಳನ್ನು ಜೈಲಿಗೆ ಕಳಿಸಿದರು. ಒಟ್ಟು ದಂಡ ಸುಮಾರು 19 ಲಕ್ಷ ಡಾಲರ್. ಅಂಥ ದೈತ್ಯರಿಗೆ ಅದು ಜುಜುಬಿ. ನಿಜವಾದ ಬಿಸಿ ಮುಟ್ಟಿಸಿದ್ದು ಗಿರಾಕಿಗಳು. ವಿದ್ಯುತ್ ಕಂಪನಿಗಳು, ನಗರಗಳು ಸೇರಿ 33 ನ್ಯಾಯಾಲಯಗಳಲ್ಲಿ 1,800ಕ್ಕೂ ಹೆಚ್ಚು ದಾವೆ ಹೂಡಿದವು! ಈ ಪ್ರವಾಹವನ್ನು ನಿಭಾಯಿಸಿದ ಅನುಭವದಿಂದಲೇ, ಹಲವು ಕೋರ್ಟುಗಳ ದಾವೆಗಳನ್ನು ಒಟ್ಟುಗೂಡಿಸಿ ನಡೆಸುವ ಹೊಸ ಕಾನೂನನ್ನು ಅಮೆರಿಕ 1968ರಲ್ಲಿ ಮಾಡಿಕೊಂಡಿತು. ಇಂದಿಗೂ ಆ ದೇಶದ ಇಂಥ ಮೊಕದ್ದಮೆಗಳಲ್ಲಿ ಬಹುಪಾಲು ಹೂಡುವವರು ಸರ್ಕಾರದವರಲ್ಲ, ಪೆಟ್ಟು ತಿಂದವರೇ.

ಈಗ ಭಾರತದ ದಾವೆಗೆ ಬರೋಣ. ಕಾಯ್ದೆ ಹಕ್ಕು ಕೊಟ್ಟದ್ದು ‘ವ್ಯಕ್ತಿ’ಗೆ. 1941ರಲ್ಲಿ ಟೈರು ಕಂಪನಿಗಳ ವಿರುದ್ಧ ಅಮೆರಿಕ ಸರ್ಕಾರವೇ ಬಂದಾಗ ಸುಪ್ರೀಂ ಕೋರ್ಟ್ ‘ನೀನು ಈ ಸೆಕ್ಷನ್ನಿನ ವ್ಯಕ್ತಿಯಲ್ಲ’ ಎಂದು ವಾಪಸ್ ಕಳಿಸಿತ್ತು! ಮರುವರ್ಷ ರಸ್ತೆಯ ಡಾಂಬರಿನ ವಿಷಯಕ್ಕೆ ಜಾರ್ಜಿಯಾ ರಾಜ್ಯ ಬಂದಾಗ ‘ನೀನು ವ್ಯಕ್ತಿ’ ಎಂದಿತು. ಹಾಗಿದ್ದರೆ ಸಾಗರದಾಚೆಯ ಭಾರತ? ಐದಕ್ಕೆ ಮೂರರ ಬಹುಮತದಲ್ಲಿ, ನ್ಯಾಯಮೂರ್ತಿ ಪಾಟರ್ ಸ್ಟುವರ್ಟ್ ಬರೆದ ತೀರ್ಪು ಹೇಳಿತು: ಹೌದು, ಭಾರತವೂ ದಾವೆ ಹೂಡಬಹುದು. ಅವರ ತರ್ಕ ಸೊಗಸಾಗಿದೆ. ಹೊರದೇಶದ ಗಿರಾಕಿಗೆ ಬಾಗಿಲು ಮುಚ್ಚಿದರೆ, ಅಲ್ಲಿ ನಿರ್ಭಯವಾಗಿ ದೋಚಿದ ಹಣದಲ್ಲಿ ಇಲ್ಲಿಯ ಪರಿಹಾರವನ್ನು ಸರಿದೂಗಿಸಿಕೊಳ್ಳುವ ಆಸೆ ಸಂಚುಗಾರನಿಗೆ ಹುಟ್ಟುತ್ತದೆ; ಆಗ ಅಮೆರಿಕದ ಗಿರಾಕಿಗೂ ರಕ್ಷಣೆ ಇರುವುದಿಲ್ಲ. ದೂರದ ದೇಶದ ಗಿರಾಕಿಗೆ ನ್ಯಾಯ ಕೊಡುವುದೇ ತನ್ನ ಗಿರಾಕಿಗೂ ಕಾವಲು!

ಕೋರ್ಟ್ ತೀರ್ಮಾನಿಸಿದ್ದು ದಾವೆ ಹೂಡುವ ಹಕ್ಕನ್ನು ಮಾತ್ರ, ಕಂಪನಿಗಳ ತಪ್ಪನ್ನಲ್ಲ. ಅಮೆರಿಕದ ಕಾಂಗ್ರೆಸ್ ಕೂಡ ಸುಮ್ಮನಿರಲಿಲ್ಲ. 1982ರಲ್ಲಿ ತಿದ್ದುಪಡಿ ತಂದು, ಸಾಮಾನ್ಯವಾಗಿ ವಿದೇಶಿ ಸರ್ಕಾರಗಳಿಗೆ ಆದ ನಷ್ಟದಷ್ಟೇ ಪರಿಹಾರ, ಮೂರು ಪಟ್ಟು ಇಲ್ಲ ಎಂದಿತು. ಆದರೂ ಭಾರತ ಗೆದ್ದ ಹಕ್ಕು ಉಳಿಯಿತು.

ಹಾಗಾದರೆ ನಮ್ಮ ನೆಲದಲ್ಲಿ? ನಮ್ಮ 2002ರ ಸ್ಪರ್ಧಾ ಕಾಯ್ದೆಯಡಿ ಯಾರು ಬೇಕಾದರೂ ಶುಲ್ಕ ಕಟ್ಟಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸಬಹುದು. ಈ ಬಾಗಿಲನ್ನು ಕನ್ನಡಿಗರೇ ತಟ್ಟಿದ್ದಾರೆ! ಡಬ್ಬಿಂಗ್ ತಡೆಯ ವಿರುದ್ಧ ‘ಕನ್ನಡ ಗ್ರಾಹಕರ ಕೂಟ’ ಆಯೋಗಕ್ಕೆ ದೂರು ಕೊಟ್ಟಿತು. 2015ರಲ್ಲಿ ಆಯೋಗ ಆ ತಡೆ ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿ ಸಂಘಟನೆಗಳಿಗೆ ದಂಡ ವಿಧಿಸಿತು. ಪ್ರೇಕ್ಷಕರು ಗಿರಾಕಿಗಳಾಗಿ ಎದ್ದು ನಿಂತ ಪ್ರಕರಣ ಅದು.

ಆದರೆ ಆಯೋಗ ವಿಧಿಸುವ ದಂಡ ಹೋಗುವುದು ಸರ್ಕಾರದ ಸಂಚಿತ ನಿಧಿಗೆ, ನೊಂದವರ ಕೈಗಲ್ಲ. ನೊಂದವರಿಗೆಂದು ಇರುವುದು ಇದೇ ಕಾಯ್ದೆಯ 53ಎನ್ ಸೆಕ್ಷನ್. ತಪ್ಪು ನಡೆದಿದೆ ಎಂದು ತೀರ್ಮಾನವಾದ ಮೇಲೆ, ನಷ್ಟ ಅನುಭವಿಸಿದವರು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ಹಲವರ ಪರವಾಗಿ ಕೆಲವರು ಸೇರಿಯೂ ಕೇಳಬಹುದು. ಇಲ್ಲಿ ಒಂದಕ್ಕೆ ಮೂರಿಲ್ಲ, ನೇರ ಸಿವಿಲ್ ಕೋರ್ಟಿಗೂ ಹೋಗುವಂತಿಲ್ಲ. ಆದರೂ ಹಕ್ಕು ಇದೆ, ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿದೆ.

ಪರದೇಶದ ಕೋರ್ಟಿನಲ್ಲಿ ಗಿರಾಕಿಯಾಗಿ ನಿಂತು ನ್ಯಾಯ ಕೇಳಿದ ದೇಶ ನಮ್ಮದು. ತನ್ನ ಪ್ರಜೆಗಳಿಗೂ ಅಷ್ಟೇ ಚೂಪಾದ ಅಸ್ತ್ರ ಕೊಡಲು ಅದು ಹಿಂಜರಿಯಬಾರದು. ಸಿಮೆಂಟು ಕೊಳ್ಳುವ ಗುತ್ತಿಗೆದಾರರು, ಬೀಜ ಕೊಳ್ಳುವ ರೈತರು, ಔಷಧ ಕೊಳ್ಳುವ ಆಸ್ಪತ್ರೆಗಳು, ಪೈಪು ಕೊಳ್ಳುವ ನಗರಸಭೆಗಳು 53ಎನ್ ಸೆಕ್ಷನ್ ಒಮ್ಮೆ ಓದಲಿ. ಟೆಂಡರಿನ ದರಗಳು ಒಂದೇ ಅಚ್ಚಿನಲ್ಲಿ ಬಂದಾಗ ಕಡತ ಮುಚ್ಚಿಡಬೇಡಿ. ಕೇಳಿ, ಲಿಖಿತವಾಗಿ ಕೇಳಿ, ಒಟ್ಟಾಗಿ ಕೇಳಿ.