ಮತ್ತಗುರುವಿನ ಪಾಠಶಾಲೆ

ಶೃಂಗಾರದಿಂದ ಹಾಸ್ಯವೂ ವೀರದಿಂದ ಅದ್ಭುತವೂ ಹುಟ್ಟುವುವೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ವೀರದಿಂದಲೇ ನೇರವಾಗಿ ಹಾಸ್ಯವನ್ನು ಹುಟ್ಟಿಸಬಹುದೆಂಬುದಕ್ಕೆ ನಿದರ್ಶನವನ್ನು ಬಯಸುವವರು, 1978ರಲ್ಲಿ ಹಾಂಗ್‌ಕಾಂಗಿನಲ್ಲಿ ಕ್ಯಾಂಟನೀಸ್ ಭಾಷೆಯಲ್ಲಿ ತಯಾರಾದ ‘ಡ್ರಂಕನ್ ಮಾಸ್ಟರ್’ ಎಂಬ ಚಲಚ್ಚಿತ್ರವನ್ನು ನೋಡಬೇಕು. ಅದರ ಚೀನೀ ಹೆಸರಿಗೆ ‘ಮತ್ತಮುಷ್ಟಿ’ ಎಂದರ್ಥ. ಈಗ ಡಿಸ್ಕಿನ ರೂಪದಲ್ಲಿ ಅದು ಮನೆಯೊಳಕ್ಕೇ ಬರಬಲ್ಲುದಾದ್ದರಿಂದ, ಹೆಸರನ್ನು ಕೇಳಿದೊಡನೆಯೇ ಹುಬ್ಬುಗಂಟಿಕ್ಕುವ ಗೃಹಸ್ಥರು, “ಇದು ಮಕ್ಕಳೊಡನೆ ಕುಳಿತು ನೋಡತಕ್ಕದ್ದೇ?” ಎಂದು ಕೇಳುವುದು ನ್ಯಾಯವೇ ಸರಿ.

ಕಥಾನಾಯಕನಾದ ವಾಂಗ್ ಫೇ-ಹಂಗನು ಕಲ್ಪಿತ ವ್ಯಕ್ತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಚೀನದ ಕ್ಯಾಂಟನ್ ಪ್ರಾಂತದಲ್ಲಿ ವೈದ್ಯನೂ ಮಲ್ಲವಿದ್ಯಾಚಾರ್ಯನೂ ಆಗಿ ಹೆಸರಾದವನು. 1949ರಿಂದ ಮೊದಲುಗೊಂಡು ಕ್ವಾನ್ ಟಾಕ್-ಹಿಂಗ್ ಎಂಬ ನಟನು ಎಪ್ಪತ್ತಕ್ಕಿಂತಲೂ ಹೆಚ್ಚು ಚಿತ್ರಗಳಲ್ಲಿ ಇವನನ್ನು ಗಂಭೀರನಾದ ಧರ್ಮಪುರುಷನನ್ನಾಗಿ ತೋರಿಸಿದನು. ಅಂತಹವನನ್ನು ‘ಮತ್ತಮುಷ್ಟಿ’ಯು ಸೋಮಾರಿಯೂ ಪುಂಡನೂ ಆದ ಹುಡುಗನನ್ನಾಗಿಸಿತು. ಬೆಣ್ಣೆ ಕದ್ದ ಕೃಷ್ಣನನ್ನು ಮುದ್ದಾಡುವ ನಮಗೆ ಇದು ಅಪಚಾರವೆಂದು ತೋರದು. ಆ ಪಾತ್ರವನ್ನು ಧರಿಸಿದ ಜಾಕಿ ಚಾನನಿಗೆ ಆಗ ಇಪ್ಪತ್ತನಾಲ್ಕು ವಯಸ್ಸು.

ಮಗನ ತುಂಟತನದಿಂದ ಬೇಸತ್ತ ತಂದೆಯು ಅವನನ್ನು ಭಿಕ್ಷುಕ ಸೋ ಎಂಬ ಕುಡುಕ ಮುದುಕನ ವಶಕ್ಕೆ ಕೊಡುವನು. ಶಿಷ್ಯರ ಕೈಕಾಲು ಮುರಿಯುವನೆಂದು ಅವನಿಗೆ ಖ್ಯಾತಿ! ತಲೆಕೆಳಗಾಗಿ ತೂಗಾಡುವ ಹುಡುಗನು ಕೆಳಗಿನ ಪಾತ್ರೆಯಿಂದ ಪುಟ್ಟ ಬಟ್ಟಲುಗಳಲ್ಲಿ ನೀರನ್ನೆತ್ತಿ, ನಡುವನ್ನು ಮೇಲಕ್ಕೆ ಮಡಿಸಿ, ಕಾಲ ಬಳಿಯ ಪಾತ್ರೆಗೆ ಸುರಿಯಬೇಕು. ಬೆರಳುಗಳಿಂದಲೇ ಅಕ್ರೋಟುಗಳನ್ನು ಒಡೆಯಬೇಕು. ತಾಳಲಾರದೆ ಓಡಿಹೋದವನು ದಾರಿಯಲ್ಲಿ ಒಬ್ಬ ಬಾಡಿಗೆಯ ಕೊಲೆಗಾರನಿಂದ ಪೆಟ್ಟನ್ನೂ ಅವಮಾನವನ್ನೂ ಉಂಡು, ತಾನಾಗಿಯೇ ಗುರುವಿನ ಬಳಿಗೆ ಹಿಂದಿರುಗುವನು. ತಂದೆಯ ಆಜ್ಞೆಯಿಂದ ತಲೆಗೆ ಹತ್ತದಿದ್ದ ವಿದ್ಯೆಯು ಅಂದಿನಿಂದ ಹತ್ತತೊಡಗುವುದು.

ಈ ಗುರುಶಿಷ್ಯರ ಹಿಂದೆ ನಿಜವಾದ ಪಾಠಶಾಲೆಯೊಂದುಂಟು. ಚಾನನು ಏಳು ವರ್ಷದ ಬಾಲಕನಾಗಿ ಹಾಂಗ್‌ಕಾಂಗಿನ ಚೀನೀ ಗೀತನಾಟಕದ ಶಾಲೆಯೊಂದನ್ನು ಸೇರಿ, ಯು ಜಿಮ್-ಯುಯೆನ್ ಎಂಬ ಉಪಾಧ್ಯಾಯನ ಕೈಕೆಳಗೆ ಸುಮಾರು ಹತ್ತು ವರ್ಷಗಳ ಕಾಲ ಲಾಗ, ಗಾಯನ, ಆಯುಧಾಭ್ಯಾಸಗಳನ್ನು ಕಲಿತನು. ತಾಯಿತಂದೆಗಳು ದೂರದ ಆಸ್ಟ್ರೇಲಿಯದಲ್ಲಿ ದುಡಿಯುತ್ತಿದ್ದರು. ಅಲ್ಲಿನ ಬೆತ್ತದ ರುಚಿಯನ್ನು ಅವನು ತನ್ನ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿರುವನು. “ನೋಡಿದಿರಾ, ಬೆತ್ತವಿಲ್ಲದೆ ವಿದ್ಯೆಯಿಲ್ಲ” ಎಂದು ಇದರಿಂದ ಯಾರೂ ಸಾಧಿಸಹೊರಡಬಾರದು. ಅದೇ ಬೆತ್ತದ ಕೆಳಗೆ ಬೆಳೆದೂ ಹೆಸರಿಲ್ಲದೆ ಹೋದ ಮಕ್ಕಳೆಷ್ಟು ಮಂದಿಯೋ! ಪರದೆಯ ಮೇಲಿನ ದಂಡನೆಯನ್ನು ಕಂಡು ನಗುವಾಗಲೂ ಈ ಸಂಗತಿಯು ಹಿರಿಯರ ಮನಸ್ಸಿನಲ್ಲಿದ್ದರೆ ಲೇಸು. ಭಿಕ್ಷುಕನ ಪಾತ್ರವನ್ನು ವಹಿಸಿದ ವೃದ್ಧ ಯುಯೆನ್ ಸಿಯು-ಟಿಯೆನನು ನಿರ್ದೇಶಕ ಯುಯೆನ್ ವೂ-ಪಿಂಗನ ಸ್ವಂತ ತಂದೆ. ತಂದೆಗೆ ಹೀಗೆ ನಡೆಯಿರೆಂದು ಮಗನೇ ಅಪ್ಪಣೆ ಕೊಡುವ ಸಂದರ್ಭವು ಸ್ವಾರಸ್ಯವಾಗಿದ್ದಿರಬೇಕು.

ಚಿತ್ರದ ಜೀವಾಳವೆಲ್ಲ ಅಷ್ಟಮತ್ತಸಿದ್ಧರ ವರಸೆಗಳಲ್ಲಿದೆ. ಚೀನೀಯರ ಪುರಾಣದ ಎಂಟು ಮಂದಿ ಚಿರಂಜೀವಿಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ವರಸೆ. ಹುಡುಗನು ಏಳನ್ನು ಕಲಿತು, ಎಂಟನೆಯದನ್ನು ಮಾತ್ರ ಉದಾಸೀನ ಮಾಡುವನು. ಏಕೆಂದರೆ ಆ ಎಂಟನೆಯವಳು ಹೋ ಎಂಬ ಸ್ತ್ರೀ. ಹೆಣ್ಣಿನಂತೆ ಬಳುಕುವುದು ತನ್ನ ಗಂಡಸುತನಕ್ಕೆ ಕುಂದೆಂದು ಅವನ ಎಣಿಕೆ. ತಂದೆಯನ್ನು ಕೊಲ್ಲಬಂದ ಆ ಕೊಲೆಗಾರನೆದುರಿಗೆ ಏಳೂ ಮುಗಿದು, “ಎಂಟನೆಯದನ್ನು ತೋರಿಸು” ಎಂದು ಗುರುವು ಕೂಗಿದಾಗ, ಶಿಷ್ಯನ ಬಳಿ ಅದಿಲ್ಲ! ಕಲಿತ ಏಳನ್ನೂ ಬೆರೆಸಿ ನೀನೇ ಒಂದನ್ನು ಕಟ್ಟೆಂಬ ಗುರುವಾಕ್ಯದಂತೆ, ಕನ್ನಡಿಯ ಮುಂದೆ ಶೃಂಗರಿಸಿಕೊಳ್ಳುವವಳ ಒನಪುವೈಯಾರಗಳನ್ನೆಲ್ಲ ಅಭಿನಯಿಸುತ್ತ ಅವನು ವೈರಿಯನ್ನು ಕೆಡಹುವನು. ವಿರಾಟನಗರದ ಬೃಹನ್ನಳೆಯನ್ನು ಬಲ್ಲ ನಮ್ಮ ವಾಚಕರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಮದ್ಯದ ಮಾತು. ಪಲ್ಲವರಾಜನಾದ ಮಹೇಂದ್ರವರ್ಮನು ಏಳನೆಯ ಶತಮಾನದಲ್ಲಿಯೇ ಕುಡುಕ ಕಾಪಾಲಿಕನನ್ನು ರಂಗಕ್ಕೆ ತಂದು ‘ಮತ್ತವಿಲಾಸ’ವೆಂಬ ಪ್ರಹಸನವನ್ನು ರಚಿಸಿದನು, ಕುಡುಕನನ್ನು ಕಂಡು ನಗುವುದು ಹೊಸದಲ್ಲ. ಆದರೆ ಕುಡಿದರೆ ಬಲ ಬರುವುದೆಂದು ಚಿತ್ರವು ಹೇಳುವಂತಿರುವುದು ನಿಜವಾಗಿಯೂ ಆಕ್ಷೇಪಾರ್ಹವೇ. ಅದೇ ನಟನಿಂದ 1994ರಲ್ಲಿ ಬಂದ ಎರಡನೆಯ ‘ಡ್ರಂಕನ್ ಮಾಸ್ಟರ್’ ಚಿತ್ರದ ಹಾಂಗ್‌ಕಾಂಗ್ ಪ್ರತಿಯಲ್ಲಿ, ಕಾರ್ಖಾನೆಯ ಮದ್ಯಸಾರವನ್ನು ಕುಡಿದ ನಾಯಕನು ಕಡೆಗೆ ಬುದ್ಧಿಗೆಟ್ಟು ಕುಳಿತಿರುವ ದೃಶ್ಯವಿತ್ತು. 2000ದಲ್ಲಿ ಅಮೆರಿಕೆಯಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಅದನ್ನು ಕತ್ತರಿಸಿದರು. ಮತಿವಿಕಲರನ್ನು ನಗೆಗೀಡುಮಾಡುವ ಆ ದೃಶ್ಯವು ಸುರುಚಿಯದಲ್ಲ. ಆದಾಗ್ಯೂ ಅದು ಹೋದುದರಿಂದ ಕುಡಿತದ ಫಲವೂ ಕಣ್ಮರೆಯಾಯಿತು. ಆದುದರಿಂದ ಇವನ್ನು ಮಕ್ಕಳ ಕೈಗೆ ಕೊಟ್ಟು ಎದ್ದುಹೋಗಬಾರದು. ಜೊತೆಯಲ್ಲಿ ಕುಳಿತು, ಅವರು ಕೇಳಿದ್ದಕ್ಕೆ ಉತ್ತರ ಹೇಳುತ್ತ ನೋಡಬೇಕು.

ಡಿಸ್ಕನ್ನು ಕೊಳ್ಳುವವರು ಆಂಗ್ಲ ಧ್ವನಿಯನ್ನು ಬಿಟ್ಟು ಕ್ಯಾಂಟನೀಸ್ ಧ್ವನಿಯನ್ನೇ ಆರಿಸಿಕೊಳ್ಳುವುದು ಮೇಲು. ಬೈಗುಳದ ಲಯವೂ ಮುದುಕನ ಗೊಣಗಾಟವೂ ಅದರಲ್ಲಿಯೇ ಚೆಂದ. ಅಂದಿನ ಹಾಂಗ್‌ಕಾಂಗ್ ಚಿತ್ರಗಳಲ್ಲಿ ಮಾತನ್ನು ಚಿತ್ರೀಕರಣದ ತರುವಾಯ ಸೇರಿಸುತ್ತಿದ್ದುದರಿಂದ ತುಟಿಗೂ ಮಾತಿಗೂ ಪೂರ್ತಿ ಹೊಂದಿಕೆಯಾಗದಿದ್ದರೆ ಡಿಸ್ಕಿನ ದೋಷವೆಂದು ತಿಳಿಯಬೇಡಿರಿ. ಕೊನೆಯ ಕಾಳಗವನ್ನು ಮಾತ್ರ ಮೊದಲು ಒಂದೇ ಓಟದಲ್ಲಿ ನೋಡಿ, ಮರಳಿ ಅಲ್ಲಲ್ಲಿ ನಿಲ್ಲಿಸಿ ನೋಡಿರಿ. ಇನ್ನೇನು ಬಿದ್ದಿತೆನ್ನುವಂತೆ ತೂರಾಡುವ ಆ ದೇಹದ ಭಾರವೆಲ್ಲ ಯಾವ ಪಾದದ ಮೇಲೆ ನಿಂತಿದೆಯೆಂಬುದನ್ನು ಹಿರಿಯರಿಗಿಂತ ಮೊದಲು ಮಕ್ಕಳೇ ಕಂಡುಹಿಡಿಯುವರು.