ಆ್ಯಂಟಿವೈರಸ್‌ಗೆ ಊಟದ ಹೊತ್ತಿನ ಕೆಲಸ

ಜೋಯಿಡಾದ ಗ್ರಾಮ ಒನ್ ಕೇಂದ್ರವಿರಲಿ, ಹಳಿಯಾಳದ ಜೆರಾಕ್ಸ್ ಅಂಗಡಿಯಿರಲಿ, ದಾಂಡೇಲಿಯ ಹೋಮ್‌ಸ್ಟೇ ಬುಕಿಂಗ್ ಆಫೀಸಿರಲಿ, ಬೆಳಗ್ಗೆ ಸಿಸ್ಟಮ್ ಆನ್ ಮಾಡಿದ ಮೊದಲ ಅರ್ಧ ಗಂಟೆಯೇ ಕಷ್ಟದ್ದು. ಪಹಣಿಗೆ ಬಂದವರು ನಿಂತಿರುತ್ತಾರೆ, ಪುಟ ತೆರೆಯುವುದಿಲ್ಲ. ಎಲ್ಲರೂ ಸರ್ವರನ್ನು ಬೈಯುತ್ತಾರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಎಷ್ಟೋ ಸಲ ಪಟ್ಟಿಯ ಮೇಲ್ಗಡೆ ‘ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಎಂಬ ಹೆಸರು ಕಾಣುತ್ತದೆ. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಅದು; ಎಷ್ಟೋ ಸಲ ಆಗ ಅದು ತನ್ನ ಅಪ್‌ಡೇಟ್ ಹಾಕಿಕೊಳ್ಳುತ್ತಿರುತ್ತದೆ.

ಇದನ್ನು ಕಂಡವರು ಅಪ್‌ಡೇಟನ್ನೇ ಬಂದ್ ಮಾಡಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಊರವರ ಪೆನ್ ಡ್ರೈವ್‌ಗಳೆಲ್ಲ ಬಂದು ಚುಚ್ಚಿಕೊಳ್ಳುವ ಯಂತ್ರ ನಿಮ್ಮದು. ಅದರಲ್ಲೇ ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಇರುತ್ತವೆ.

ಅಷ್ಟಕ್ಕೂ ‘ಹೊಸದು ಬಂದಿದೆಯಾ’ ಎಂದು ಕೇಳುವ ಕೆಲಸಕ್ಕೆ ಪ್ರೊಸೆಸರ್ ಏನೂ ದಣಿಯುವುದಿಲ್ಲ. ತನ್ನಲ್ಲಿರುವ ಸಿಗ್ನೇಚರ್ (ವೈರಸ್ ಗುರುತು) ಪಟ್ಟಿಯ ಆವೃತ್ತಿ ಸಂಖ್ಯೆಯನ್ನು ಕಂಪನಿಯ ಸಂಖ್ಯೆಯ ಜೊತೆ ಹೋಲಿಸಿದರೆ ಆಯಿತು. ಭಾರ ಬೀಳುವುದು ಆಮೇಲೆ. ಬಂದ ಕಂತೆಯನ್ನು ಬಿಚ್ಚಬೇಕು, ಅಸಲಿಯೋ ಎಂದು ಡಿಜಿಟಲ್ ಸಹಿ ಪರೀಕ್ಷಿಸಬೇಕು, ಹಳೆಯ ಪಟ್ಟಿಗೆ ಸೇರಿಸಬೇಕು, ಪೂರ್ತಿ ಪಟ್ಟಿಯನ್ನು ಮತ್ತೆ ಮೆಮೊರಿಗೆ ಏರಿಸಬೇಕು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: ಈ ಫೈಲನ್ನು ಆಗಲೇ ನೋಡಿದ್ದೇನೆ, ಸರಿಯಿದೆ ಎಂದು ಇಟ್ಟುಕೊಂಡ ನೆನಪು ಹೊಸ ಪಟ್ಟಿ ಬಂದ ಮೇಲೆ ಸಲ್ಲುವುದಿಲ್ಲ. ತೆರೆದ ಪ್ರತಿ ಫೈಲನ್ನೂ ಮತ್ತೆ ತಪಾಸಣೆ ಮಾಡಬೇಕಾಗುತ್ತದೆ. ನಾಲ್ಕು ಜಿಬಿ ರ್‍ಯಾಮ್, ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಪ್ರೊಸೆಸರ್‌ಗಿಂತ ಮೊದಲು ಡಿಸ್ಕೇ ಸೋಲುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಕಾಲಂ ನೂರಕ್ಕೆ ನೂರು ತೋರಿಸುತ್ತಿದ್ದರೆ ಮುಂದೆ ಹೇಳುವ ಸೆಟ್ಟಿಂಗ್‌ಗಳಿಗಿಂತ ಒಂದು ಎಸ್‌ಎಸ್‌ಡಿ ಹಾಕಿಸುವುದು ಹೆಚ್ಚು ಫಲ ಕೊಡುತ್ತದೆ.

ಅಪ್‌ಡೇಟ್ ಅಪರೂಪಕ್ಕೆ ಮಾಡಿದರೆ ಹಗುರಾಗುತ್ತದೆ ಎಂಬುದೂ ನಿಜವಲ್ಲ. ದಿನಾ ತೆಗೆದುಕೊಂಡರೆ ಹಿಂದಿನದಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸವಷ್ಟೇ ಚಿಕ್ಕ ತುಂಡಾಗಿ ಬರುತ್ತದೆ. ಬಹಳ ದಿನ ಬಿಟ್ಟರೆ ನೂರು ಎಂಬಿ ಮೀರಿದ ಪೂರ್ತಿ ಕಂತೆಯೇ ಇಳಿಯಬೇಕು. ಜೋಯಿಡಾದ ಕಾಡಿನ ನಡುವೆ ಮೊಬೈಲ್ ಹಾಟ್‌ಸ್ಪಾಟ್ ನಂಬಿದವರಿಗೆ ಅದು ಇಡೀ ಬೆಳಗನ್ನೇ ತಿನ್ನುತ್ತದೆ. ನಡುವೆ ಸಿಗ್ನಲ್ ಹೋದರೆ ಮತ್ತೆ ಪ್ರಯತ್ನ.

ಹಾಗಾಗಿ ಬದಲಿಸಬೇಕಾದದ್ದು ಹೊತ್ತು. ಡಿಫೆಂಡರ್ ತಪಾಸಣೆಗೆ ಮೊದಲೇ ಗೊತ್ತು ಮಾಡಿರುವ ವೇಳೆ ರಾತ್ರಿ 2 ಗಂಟೆ, ಅದಕ್ಕೆ 15 ನಿಮಿಷ ಮೊದಲು ಅಪ್‌ಡೇಟ್ ನೋಡಿಕೊಳ್ಳುತ್ತದೆ. ಹಗಲು ರಾತ್ರಿ ಯಂತ್ರ ಆನ್ ಇರುವ ಆಫೀಸುಗಳಿಗೆ ಅದು ಸರಿ. ಸಂಜೆ ಮೇನ್ ಸ್ವಿಚ್ ತೆಗೆದು ಬೀಗ ಹಾಕುವ ನಮ್ಮ ಅಂಗಡಿಗಳಲ್ಲಿ ರಾತ್ರಿಯ ಬಾಕಿಯೆಲ್ಲ ಬೆಳಗಿನ ತಲೆಯ ಮೇಲೆ ಬರುತ್ತದೆ. ಯಂತ್ರ ಆನ್ ಇದ್ದೂ ಕೌಂಟರ್ ಖಾಲಿಯಿರುವ ಹೊತ್ತು ಮಧ್ಯಾಹ್ನದ ಊಟದ್ದು.

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಪವರ್‌ಶೆಲ್ ಅಥವಾ ಟರ್ಮಿನಲ್ ಅನ್ನು ಅಡ್ಮಿನ್ ಆಗಿ ತೆರೆಯಿರಿ. ‘ಸೆಟ್-ಎಂಪಿಪ್ರಿಫರೆನ್ಸ್’ ಆಜ್ಞೆಯಲ್ಲಿ ‘ಸಿಗ್ನೇಚರ್‌ಶೆಡ್ಯೂಲ್‌ಡೇ’ ಎಂಬುದನ್ನು ಪ್ರತಿದಿನ ಎಂದೂ ‘ಸಿಗ್ನೇಚರ್‌ಶೆಡ್ಯೂಲ್‌ಟೈಮ್’ ಅನ್ನು 13:30 ಎಂದೂ ಇಡಿ. ‘ಸ್ಕ್ಯಾನ್‌ಶೆಡ್ಯೂಲ್‌ಕ್ವಿಕ್‌ಸ್ಕ್ಯಾನ್‌ಟೈಮ್’ 13:45 ಇರಲಿ. ಇನ್ನೊಂದು ‘ಸ್ಕ್ಯಾನ್‌ಎವಿಜಿಸಿಪಿಯುಲೋಡ್‌ಫ್ಯಾಕ್ಟರ್’, ಮೊದಲೇ 50 ಇರುತ್ತದೆ, ಹಳೆಯ ಯಂತ್ರಕ್ಕೆ 20 ಸಾಕು. ತಪಾಸಣೆ ನಿಧಾನವಾಗುತ್ತದೆ, ಆದರೆ ನಿಮ್ಮ ಕೆಲಸ ನಿಲ್ಲುವುದಿಲ್ಲ. ಇದು ಸರಾಸರಿಯ ಮಿತಿಯಾದ್ದರಿಂದ ನಡುನಡುವೆ ಅಂಕಿ ಮೇಲೆ ಜಿಗಿದರೆ ಗಾಬರಿ ಬೇಡ. ಅಪ್‌ಡೇಟ್ ಬಿಚ್ಚುವ ಕೆಲಸಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ಅದಕ್ಕೆ ಹೊತ್ತು ಬದಲಿಸುವುದೇ ದಾರಿ.

ಎರಡು ಆ್ಯಂಟಿವೈರಸ್ ಒಟ್ಟಿಗೆ ಬೇಡ. ಒಬ್ಬರು ತೆರೆದ ಫೈಲನ್ನು ಇನ್ನೊಬ್ಬರು ಪರೀಕ್ಷಿಸುತ್ತಾ ಕೂರುತ್ತಾರೆ.

ಮುಂಡಗೋಡಿನ ಶಾಲೆಯೊಂದರ ಲ್ಯಾಬಿನಂತೆ ಸಾಲಾಗಿ ಹಲವು ಯಂತ್ರಗಳಿದ್ದರೆ ಪ್ರತಿಯೊಂದೂ ಇಂಟರ್‌ನೆಟ್ಟಿಗೆ ಹೋಗುವ ಅಗತ್ಯವಿಲ್ಲ. ಪುಣೆ ಮೂಲದ ಕ್ವಿಕ್ ಹೀಲ್ ಆ್ಯಂಟಿವೈರಸ್‌ನಲ್ಲಿ ಒಂದು ಯಂತ್ರ ಇಳಿಸಿಕೊಂಡ ಅಪ್‌ಡೇಟನ್ನು ನಿಗದಿತ ಫೋಲ್ಡರಿಗೆ ನಕಲು ಮಾಡಿ, ಉಳಿದವು ಅಲ್ಲಿಂದಲೇ ಎತ್ತಿಕೊಳ್ಳುವಂತೆ ಮಾಡುವ ಸೌಲಭ್ಯ ಅಪ್‌ಡೇಟ್ ಸೆಟ್ಟಿಂಗ್‌ನಲ್ಲಿದೆ. ಡಿಫೆಂಡರನ್ನೂ ಹಂಚಿಕೆಯ ಫೋಲ್ಡರಿನಿಂದ ಅಪ್‌ಡೇಟ್ ಪಡೆಯುವಂತೆ ಹೊಂದಿಸಬಹುದು.

ಲಿನಕ್ಸ್ ಸರ್ವರಿನಲ್ಲಿ ಕ್ಲಾಮ್‌ಎವಿ ಇಟ್ಟುಕೊಂಡವರಿಗೂ ಲೆಕ್ಕ ಇದೇ. ಅದರ ‘ಫ್ರೆಶ್‌ಕ್ಲಾಮ್’ ಸುಮ್ಮನೆ ಬಿಟ್ಟರೆ ದಿನಕ್ಕೆ 12 ಬಾರಿ ವಿಚಾರಿಸುತ್ತದೆ. ಒಂದು ಪುಟ್ಟ ಡಿಎನ್‌ಎಸ್ ದಾಖಲೆ ಓದುವುದಷ್ಟೇ ಅದು. ತಪಾಸಣೆ ಮಾಡುವ ‘ಕ್ಲಾಮ್‌ಡಿ’ ಒದ್ದಾಡುವುದು ಹೊಸ ಪಟ್ಟಿ ಬಂದಾಗ ಮಾತ್ರ. 2020ರ 0.103 ಆವೃತ್ತಿಯಿಂದ ಹಳೆಯ ಪಟ್ಟಿ ಮೆಮೊರಿಯಲ್ಲಿರುವಾಗಲೇ ಹೊಸದನ್ನೂ ಏರಿಸುವ ಕಾರಣ ಆ ಗಳಿಗೆಯಲ್ಲಿ ದುಪ್ಪಟ್ಟು ಜಾಗ ಬೇಕು. ರ್‍ಯಾಮ್ ಕಡಿಮೆಯಿದ್ದರೆ ‘ಕನ್‌ಕರೆಂಟ್‌ಡೇಟಾಬೇಸ್‌ರೀಲೋಡ್’ ಅನ್ನು ‘ನೋ’ ಮಾಡಿ. ಏರಿಸುವಷ್ಟು ಹೊತ್ತು ತಪಾಸಣೆ ಕಾಯುತ್ತದೆ.

ಡಿಫೆಂಡರ್‌ನಲ್ಲಿ ಬದಲಾವಣೆ ಮಾಡಿದವರು ಮರುವಾರ ಪವರ್‌ಶೆಲ್‌ನಲ್ಲಿ ‘ಗೆಟ್-ಎಂಪಿಕಂಪ್ಯೂಟರ್‌ಸ್ಟೇಟಸ್’ ಆಜ್ಞೆ ಕೊಟ್ಟು ‘ಆ್ಯಂಟಿವೈರಸ್‌ಸಿಗ್ನೇಚರ್‌ಏಜ್’ ಎದುರಿನ ಅಂಕಿ ನೋಡಿ. ಪಟ್ಟಿ ಎಷ್ಟು ದಿನ ಹಳೆಯದು ಎಂದು ಅದು ಹೇಳುತ್ತದೆ. ಸೊನ್ನೆ ಅಥವಾ ಒಂದು ಇದ್ದರೆ ಎಲ್ಲ ಸರಿಯಿದೆ. ಮೂರು, ನಾಲ್ಕು ಎಂದಾದರೆ ಊಟದ ಹೊತ್ತಿನಲ್ಲಿ ಕರೆಂಟ್ ಅಥವಾ ನೆಟ್‌ವರ್ಕ್ ಕೈಕೊಡುತ್ತಿದೆ ಎಂದು ಅರ್ಥ; ವೇಳೆಯನ್ನು ನಾಲ್ಕು ಗಂಟೆಗೆ ಸರಿಸಿ ಇನ್ನೊಂದು ವಾರ ನೋಡಿ.